ಶಿರಸಿಯ ಹೋಮ್‌ಸ್ಟೇಗೆ ಹೊರಟಿರಾ? ಮೊದಲು ಊಟದ ಲೆಕ್ಕ ಹಾಕಿ

ಶಿರಸಿ ಕಡೆ ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ಯಾಣ, ಸಹಸ್ರಲಿಂಗ, ಉಂಚಳ್ಳಿ, ಬನವಾಸಿ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಏನು ಉಂಡಿರಿ ಎಂದರೆ ಮಾತ್ರ ತಡವರಿಸುತ್ತಾರೆ. ಎರಡು ದಿನದಲ್ಲಿ ಎಂಟು ಜಾಗ ಮುಗಿಸುವ ಭರದಲ್ಲಿ ಮಧ್ಯಾಹ್ನದ ಊಟ ದಾರಿಬದಿಯ ಫ್ರೈಡ್‌ ರೈಸ್‌ ಆಗಿರುತ್ತದೆ. ಹೋಮ್‌ಸ್ಟೇಗೆ ದುಡ್ಡು ಕೊಟ್ಟು ಅಲ್ಲಿನ ಅಡುಗೆಮನೆಯನ್ನೇ ಬಿಟ್ಟು ಬಂದರೆ ಏನು ಬಂತು? ಪ್ರವಾಸವನ್ನು ಊಟದ ಸುತ್ತ ಹೆಣೆಯಿರಿ, ಜಲಪಾತ ತಾನಾಗಿ ಅದರೊಳಗೆ ಸೇರಿಕೊಳ್ಳುತ್ತದೆ.

1. ತಿಂಗಳು ಆರಿಸಿ

ರಜೆ ಯಾವಾಗ ಸಿಗುತ್ತದೆ ಎನ್ನುವುದಕ್ಕಿಂತ ಯಾವಾಗ ಏನು ಸಿಗುತ್ತದೆ ಎಂದು ನೋಡಿ. ಜನವರಿಯಿಂದ ಮಾರ್ಚ್‌ವರೆಗೆ ಆಲೆಮನೆ ಕಾಲ. ಕಬ್ಬಿನ ಹಾಲು, ಜೊತೆಗೆ ಖಾರದ ಮಂಡಕ್ಕಿ, ಬಿಸಿ ಮಿರ್ಚಿ ಭಜಿ. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವಾಗ ಮೇಲೆ ಬರುವ ನೊರೆಬೆಲ್ಲವನ್ನು ಬಾಳೆಎಲೆಯ ತುಂಡಿಗೆ ಹಾಕಿ ಕೊಡುತ್ತಾರೆ.

ಹಾಳೆಯಂತಹ ಸಿಹಿ ತಿಂಡಿ ತೊಡದೇವು ಮಾಡುವುದನ್ನು ನೋಡಬೇಕೆಂದರೂ ಇದೇ ಹೊತ್ತು ಒಳ್ಳೆಯದು. ಒಲೆಯ ಮೇಲೆ ಮಣ್ಣಿನ ಗಡಿಗೆಯನ್ನು ಬೋರಲು ಹಾಕಿ ಕಾಯಿಸುತ್ತಾರೆ. ನೆನೆಸಿದ ಅಕ್ಕಿಯನ್ನು ಕಬ್ಬಿನ ಹಾಲಿನ ಜೊತೆ ನುಣ್ಣಗೆ ರುಬ್ಬಿ, ಹಿಟ್ಟನ್ನು ನೀರಿನ ಹಾಗೆ ತೆಳ್ಳಗೆ ಮಾಡಿಕೊಂಡಿರುತ್ತಾರೆ. ಕೋಲಿಗೆ ಸುತ್ತಿದ ತೆಳು ಬಟ್ಟೆಯನ್ನು ಅದರಲ್ಲಿ ಅದ್ದಿ ಗಡಿಗೆಯ ಬೆನ್ನ ಮೇಲೆ ಒಮ್ಮೆ ಎಳೆದರೆ ಆಯಿತು. ಕ್ಷಣದಲ್ಲಿ ಅಂಚು ಏಳುತ್ತದೆ, ಮೆತ್ತಗಿರುವಾಗಲೇ ಮಡಚಿ ತೆಗೆಯಬೇಕು. ಅರೆಗಳಿಗೆ ತಡವಾದರೂ ಮಡಿಕೆ ಕೂರುವುದಿಲ್ಲ, ಪುಡಿ ಪುಡಿ. ನಿಮ್ಮ ಕೈಗೂ ಕೋಲು ಕೊಟ್ಟಾರು; ಮೊದಲ ನಾಲ್ಕೈದು ನಿಮ್ಮ ಬಾಯಿಗೇ ಸೇರುತ್ತವೆ, ಡಬ್ಬಿಗಲ್ಲ.

ಫೆಬ್ರುವರಿ ಕಳೆಯುತ್ತಿದ್ದಂತೆ ಉಪ್ಪಿನಕಾಯಿಯ ಎಳೆ ಮಾವು, ಅಪ್ಪೆಮಿಡಿ ಬರುತ್ತದೆ. ಏಪ್ರಿಲ್‌–ಮೇ ಎಂದರೆ ಹಲಸು: ಹಣ್ಣಿನ ಕಡಬು, ಅಂಗಳದ ತುಂಬ ಚಾಪೆ ಹಾಸಿ ಒಣಗಿಸಿದ ಹಪ್ಪಳ. ಜೂನ್‌ನಿಂದ ಸೆಪ್ಟೆಂಬರ್‌ ಮಳೆ. ಪತ್ರೊಡೆ, ಬಿಸಿ ಕಷಾಯ, ಸುಟ್ಟ ಹಲಸಿನ ಬೇಳೆ ಹಿಡಿದು ಜಗುಲಿಯಲ್ಲಿ ಕೂರುವುದಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಆದರೆ ಆಗ ಶಾಲ್ಮಲಾ ನದಿ ತುಂಬಿ ಹರಿದು ಸಹಸ್ರಲಿಂಗದ ಬಂಡೆಗಳ ಮೇಲಿನ ಲಿಂಗಗಳು ನೀರಿನಡಿ ಇರುತ್ತವೆ. ಕಾಡಿನ ದಾರಿಯಲ್ಲಿ ಉಂಬಳವೂ (ಜಿಗಣೆ) ಗ್ಯಾರಂಟಿ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರುವರಿ–ಮಾರ್ಚ್‌ ಹೊತ್ತಿಗೆ ನಡೆಯುತ್ತದೆ. ಜಾತ್ರೆಗೆಂದೇ ಹೋಗುವುದಾದರೆ ತಿಂಗಳುಗಟ್ಟಲೆ ಮೊದಲೇ ಕೋಣೆ ಹಿಡಿಯಿರಿ, ಇಲ್ಲವಾದರೆ ಆ ವಾರ ಬಿಟ್ಟುಬಿಡಿ.

2. ಮನೆ ಹುಡುಕಿ, ಫೋನ್‌ ಮಾಡಿ

ಹೋಮ್‌ಸ್ಟೇ ಎಂದು ಬೋರ್ಡ್‌ ಹಾಕಿಕೊಂಡ ರೆಸಾರ್ಟ್‌ಗಳಿಗೆ ಈಗ ಬರವಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್‌ ಅಂಡ್‌ ಬ್ರೇಕ್‌ಫಾಸ್ಟ್‌ ಯೋಜನೆಯ ಪ್ರಕಾರ ಮನೆಯವರು ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಕೊಡುವ ಕೋಣೆ ಒಂದರಿಂದ ಆರರೊಳಗಿರಬೇಕು. ಈ ಅಳತೆಗೋಲು ನಿಮಗೂ ಸಾಕು. ಹದಿನೈದು ಕೋಣೆ, ಈಜುಕೊಳ, ರಾತ್ರಿ ಡಿಜೆ ಇದ್ದರೆ ಅಲ್ಲಿ ಅಡುಗೆಯವರು ಮಾಡಿದ ಬಫೆ ಸಿಗುತ್ತದೆ, ಮನೆಯೂಟ ಸಿಗುವುದಿಲ್ಲ.

ಆ್ಯಪ್‌ನಲ್ಲಿ ಫೋಟೊ ನೋಡಿ ದುಡ್ಡು ಕಟ್ಟುವ ಮೊದಲು ಒಂದು ಕರೆ ಮಾಡಿ. ಅಡುಗೆ ಯಾರದ್ದು, ದರ ಕೋಣೆಗೋ ತಲೆಗೋ, ಅದರಲ್ಲಿ ಎಷ್ಟು ಹೊತ್ತಿನ ಊಟ ಸೇರಿದೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯೇ, ಕೊನೆಯ ಒಂದೆರಡು ಕಿಲೋಮೀಟರ್‌ ಮಣ್ಣಿನ ರಸ್ತೆಯೇ ಎಂದೆಲ್ಲ ಕೇಳಿಕೊಳ್ಳಿ. ದಾರಿಯನ್ನು ಕಾಗದದ ಮೇಲೆ ಬರೆದುಕೊಂಡರೆ ಇನ್ನೂ ಒಳ್ಳೆಯದು. ಸಿಗ್ನಲ್‌ ಸಿಗದ ಹಳ್ಳಿಗಳು ಈ ಕಡೆ ಬಹಳ, ಅರ್ಧ ದಾರಿಯಲ್ಲಿ ಮ್ಯಾಪ್‌ ಕೈಕೊಡುತ್ತದೆ.

ಇನ್ನೊಂದು ಮಾತು. ಈ ಕಡೆಯ ಹವ್ಯಕ ಬ್ರಾಹ್ಮಣರ ಮನೆಗಳಲ್ಲಿ ಮೊಟ್ಟೆ, ಮಾಂಸ, ಮದ್ಯ ನಡೆಯುವುದಿಲ್ಲ. ಅದು ಬೇಕೇ ಬೇಕು ಎನ್ನುವವರು ಬೇರೆ ಮನೆ ನೋಡಿಕೊಳ್ಳುವುದೇ ಸರಿ. ಬ್ಯಾಗಿನಲ್ಲಿ ಬಾಟಲಿ ಅಡಗಿಸಿ ಒಯ್ಯುವ ಜಾಣತನ ಬೇಡ.

3. ಬೇಕಾದ್ದನ್ನು ಎರಡು ದಿನ ಮೊದಲೇ ಹೇಳಿ

ಸೊಪ್ಪು ರುಬ್ಬಿ ಮಜ್ಜಿಗೆಗೆ ಕಲಸುವ ತಂಬುಳಿ ಹತ್ತು ನಿಮಿಷದ ಕೆಲಸ. ತೊಡದೇವು, ಕೊಟ್ಟೆ ಕಡಬು ಹಾಗಲ್ಲ. ಅಕ್ಕಿ ನೆನೆಯಬೇಕು, ಎಲೆ ಕೊಯ್ದು ಬಾಡಿಸಬೇಕು, ಗಡಿಗೆ ಅಟ್ಟದಿಂದ ಇಳಿಯಬೇಕು. ಹೋದ ಮೇಲೆ ಕೇಳಿದರೆ ಅಲ್ಲಿಯವರು ಇಲ್ಲ ಎನ್ನಲಾರದೆ ಒದ್ದಾಡುತ್ತಾರೆ. ಉಳಿದಂತೆ, “ನೀವು ಏನು ಮಾಡಿಕೊಳ್ಳುತ್ತೀರೋ ಅದೇ ನಮಗೂ ಸಾಕು ಅಕ್ಕಾ” ಎಂದುಬಿಡಿ. ಹೀಗೆ ಹೇಳದಿದ್ದರೆ ಪೇಟೆಯವರಿಗೆ ಇದೇ ಇಷ್ಟವೇನೋ ಎಂದು ಪಾಪ, ಪನೀರ್‌ ತರಿಸಿ ಇಟ್ಟಿರುತ್ತಾರೆ.

4. ತಲುಪುವ ದಾರಿ

ಶಿರಸಿಗೆ ರೈಲಿಲ್ಲ. ಬೆಂಗಳೂರಿನಿಂದ ಸುಮಾರು 400 ಕಿ.ಮೀ., ರಾತ್ರಿ ಬಸ್ಸೇ ಸಲೀಸು. ರೈಲೇ ಬೇಕೆಂದರೆ ತಾಳಗುಪ್ಪ ಅಥವಾ ಹಾವೇರಿಯಲ್ಲಿ ಇಳಿದು ಬಸ್ಸು ಹಿಡಿಯಿರಿ, ಕರಾವಳಿಯವರಿಗೆ ಕುಮಟಾ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿಯುವುದುಂಟು, ಹಿಂದಿನ ದಿನವೇ ಮನೆಯವರನ್ನು ವಿಚಾರಿಸಿ.

5. ದಿನಕ್ಕೆ ಒಂದೇ ದಿಕ್ಕು

ಬೆಳಿಗ್ಗೆ ತೆಳ್ಳೇವು. ಕಾಗದದಷ್ಟು ತೆಳ್ಳಗಿನ ದೋಸೆ, ಪಾಕದಂತಹ ಜೋನಿಬೆಲ್ಲ, ತುಪ್ಪ. ಎಷ್ಟು ತಿಂದಿರಿ ಎಂದು ಎಣಿಸಲು ಹೋಗಬೇಡಿ.

ತಿಂಡಿ ಮುಗಿಸಿ ಹೊರಟರೆ ಸೋಂದಾ ಮತ್ತು ಸಹಸ್ರಲಿಂಗ ಒಂದು ಬೆಳಗಿಗೆ ಆಗುತ್ತವೆ. ಎರಡೂ ಶಿರಸಿಯಿಂದ ಯಲ್ಲಾಪುರದ ಕಡೆಗೆ, ಸುಮಾರು 20 ಕಿ.ಮೀ. ಒಳಗೆ. ಹೊಳೆಯ ಬಂಡೆಗಳ ಮೇಲೆ ಲಿಂಗ ಕಡೆಸಿದವನು ಸೋದೆಯ (ಸೋಂದಾದ) ಅರಸ ಸದಾಶಿವರಾಯ. ವಾದಿರಾಜರ ಮಠ, ಸ್ವರ್ಣವಲ್ಲಿ ಮಠ, ಜೈನ ಮಠ ಮೂರೂ ಸೋಂದಾ ಸುತ್ತಲೇ ಇವೆ. ಒಂದೂವರೆ ಗಂಟೆಗೆ ಮನೆಗೆ ವಾಪಸ್‌ ಬನ್ನಿ, ಊಟ ತಪ್ಪಿಸಬೇಡಿ.

ಮಾರನೆಯ ದಿನ ಬನವಾಸಿ. ಕದಂಬರ ರಾಜಧಾನಿ, ವರದಾ ದಂಡೆಯ ಮಧುಕೇಶ್ವರ ದೇವಾಲಯ. ಸುತ್ತಲ ಹೊಲಗಳಲ್ಲಿ ಅನಾನಸ್‌ ಬೆಳೆಯುತ್ತಾರೆ, ಕಾಲ ನೋಡಿ ಕೊಳ್ಳಿ. ಯಾಣಕ್ಕಾಗಲಿ, ಅಘನಾಶಿನಿ 116 ಮೀಟರ್‌ ಧುಮುಕುವ ಉಂಚಳ್ಳಿಗಾಗಲಿ ಹೋಗುವ ದಿನ ಮಧ್ಯಾಹ್ನಕ್ಕೆ ಮರಳುವುದು ಕಷ್ಟ. ಅಂದು ಬೆಳಿಗ್ಗೆಯೇ ಚಿತ್ರಾನ್ನವನ್ನೋ ಅವಲಕ್ಕಿಯನ್ನೋ ಕಟ್ಟಿಸಿಕೊಳ್ಳಿ. ಕಟ್ಟಿದ ಎಲೆ, ಪೊಟ್ಟಣ ಕಾಡಿನಲ್ಲಿ ಎಸೆಯದೆ ವಾಪಸ್‌ ತನ್ನಿ.

6. ಎಲೆಯ ಮುಂದೆ

ಬಿಸಿಲಿನಿಂದ ಬಂದವರನ್ನು “ಆಸ್ರಿಗೆ ಎಂತ ಬೇಕು?” ಎಂದು, ಅಂದರೆ ಕುಡಿಯಲು ಏನು ಬೇಕು ಎಂದು ಕೇಳುತ್ತಾರೆ. ಬೆಲ್ಲ, ನೀರು ಸಾಕು ಎನ್ನಿ. ಆಗ ಚಹಾ ಕುಡಿದರೆ ಹಸಿವು ಸಾಯುತ್ತದೆ.

ಎಲೆಯಲ್ಲಿ ಮೊದಲು ಅನ್ನಕ್ಕೆ ತಂಬುಳಿ. ಒಂದೆಲಗವೋ ಸಾಂಬಾರಬಳ್ಳಿಯೋ ಅಂಗಳದಿಂದ ಬಂದಿರುತ್ತದೆ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಸೊಪ್ಪನ್ನು ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಕಲಸುತ್ತಾರೆ, ಕುದಿಸುವುದಿಲ್ಲ. ಇದನ್ನು ನೀರು ಸಾರು ಎಂದುಕೊಂಡು ಎರಡು ತುತ್ತಿಗೆ ಮುಗಿಸಿ ಸಾಂಬಾರಿಗೆ ಕಾಯುವವರನ್ನು ಕಂಡರೆ ನನಗೆ ಮರುಕ. ಅನ್ನವನ್ನು ಇಲ್ಲೇ ಹೆಚ್ಚು ಖರ್ಚು ಮಾಡಿ. ಆಮೇಲೆ ಸಾರು, ಹುಳಿ, ಪಕ್ಕದಲ್ಲಿ ಮೊಸರು ಬೆರೆಸಿದ ಹಶಿ, ಗೊಜ್ಜು, ಸುಟ್ಟ ಹಪ್ಪಳ.

ಕೊನೆಗೆ ಅಪ್ಪೆಹುಳಿ. ಬೇಯಿಸಿ ಹಿಂಡಿದ ಮಾವಿನಕಾಯಿಯ ತಿಳಿನೀರು, ಉಪ್ಪು, ಹಸಿಮೆಣಸು, ಇಂಗಿನ ಒಗ್ಗರಣೆ. ಅನ್ನಕ್ಕೂ ಆಗುತ್ತದೆ, ಆದರೆ ಲೋಟದಲ್ಲಿ ಕುಡಿದರೇ ಮಜಾ. ಎರಡು ಲೋಟ ಕುಡಿದವರು ಮಧ್ಯಾಹ್ನ ಮೂರು ಗಂಟೆಗೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ, ಕಣ್ಣು ತಾನೇ ಎಳೆಯುತ್ತದೆ. ಊಟವಾದ ಮೇಲೆ ಕವಳದ (ಎಲೆ ಅಡಿಕೆಯ) ತಟ್ಟೆ ಬರುತ್ತದೆ. ಅಭ್ಯಾಸ ಇಲ್ಲದವರು ಬರೀ ಎಲೆ ತೆಗೆದುಕೊಳ್ಳಿ, ಹೊಗೆಸೊಪ್ಪಿನ ಕಡೆ ಕೈ ಹೋಗದಿರಲಿ.

ರಾತ್ರಿ ಊಟ ಎಂಟೂವರೆ, ಒಂಬತ್ತಕ್ಕೆ ಮುಗಿಯುವ ಮನೆಗಳು ಇವು. ಹತ್ತೂವರೆಗೆ ಬಂದು ಬಿಸಿಯಾಗಿ ಏನಿದೆ ಎಂದು ಕೇಳಬಾರದು. ಅಡಿಕೆ ಕೊಯ್ಲಿನ ಕಾಲವಾದರೆ ಊಟದ ನಂತರವೂ ಅಡಿಕೆ ಸುಲಿಯುವ ಕೆಲಸ ನಡೆದಿರುತ್ತದೆ. ಪಕ್ಕದಲ್ಲಿ ಕುಳಿತು ಮಾತಾಡಿ, ಮೆಟ್ಟುಗತ್ತಿ ಮಾತ್ರ ಮುಟ್ಟಬೇಡಿ.

7. ಪೇಟೆಗೂ ಒಂದು ಸಂಜೆ

ಮಾರಿಕಾಂಬೆಯ ದರ್ಶನ ಮಾಡಿ, ಗೋಡೆಯ ಮೇಲೆ ಕೆಮ್ಮಣ್ಣಿನ ಬಣ್ಣದಲ್ಲಿ ಬರೆದ ಕಾವಿ ಚಿತ್ರಗಳನ್ನು ನಿಧಾನವಾಗಿ ನೋಡಿ. ಪೇಟೆಯಲ್ಲಿ ಮಿರ್ಚಿ, ಮಂಡಕ್ಕಿ ತಿಂದರೆ ಸಾಕು. ಮೀನಿನೂಟದ ಆಸೆ ಇದ್ದವರು ಅದನ್ನು ಕುಮಟಾ ಕಡೆಯಿಂದ ಬರುವಾಗಲೋ ಹೋಗುವಾಗಲೋ ತೀರಿಸಿಕೊಳ್ಳುವುದು ಮೇಲು.

ಕೊಳ್ಳುವುದಕ್ಕೆ ತೋಟಗಾರ್ಸ್‌ ಸೊಸೈಟಿಯ ಟಿಎಸ್‌ಎಸ್‌ ಸೂಪರ್‌ ಮಾರ್ಕೆಟ್‌ ಇದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಶಿರಸಿ ಅಡಿಕೆ, ಕಾಳುಮೆಣಸು, ಹಪ್ಪಳ ಸಿಗುತ್ತವೆ. ಉಪ್ಪಿನಕಾಯಿಯನ್ನು ಮಾತ್ರ ಉಳಿದುಕೊಂಡ ಮನೆಯಲ್ಲೇ ಮೊದಲು ಕೇಳಿ, ಮಾರುವಷ್ಟು ಇದ್ದರೆ ಕೊಡುತ್ತಾರೆ. ಜೋನಿಬೆಲ್ಲಕ್ಕೆ ಬಿಗಿ ಮುಚ್ಚಳದ ಸ್ಟೀಲ್‌ ಡಬ್ಬಿಯನ್ನು ಮನೆಯಿಂದಲೇ ಒಯ್ದಿರಿ. ಬಸ್ಸಿನ ಡಿಕ್ಕಿಗೆ ಹಾಕದೆ ಕಾಲ ಬುಡದಲ್ಲಿ ನೆಟ್ಟಗೆ ಇಟ್ಟುಕೊಳ್ಳಿ. ಘಟ್ಟದ ತಿರುವಿನಲ್ಲಿ ಡಬ್ಬಿ ಮಗುಚಿದರೆ ಬಟ್ಟೆಬರೆಯ ಗತಿ ಅಷ್ಟೇ.