ಲಿನಕ್ಸ್‌ನಲ್ಲಿ ಲ್ಯಾಪ್‌ಟಾಪ್ ಒಳಗಿನ 4ಜಿ ಮೋಡೆಮ್ ಏಳದಿದ್ದರೆ

ಮೂಡಿಗೆರೆ, ಸಕಲೇಶಪುರ ಕಡೆ ಕೇಬಲ್ ಇಂಟರ್ನೆಟ್ ಬಾರದ ತೋಟದ ಮನೆಗಳಲ್ಲಿ ಹಳೇ ಆಫೀಸ್ ಲ್ಯಾಪ್‌ಟಾಪ್‌ನ ಸಿಮ್ ಮೋಡೆಮ್ ನಿಜಕ್ಕೂ ಉಪಯೋಗ. ಆದರೆ ಸಿಮ್ ಹಾಕುವ ಜಾಗ ಇದ್ದ ಮಾತ್ರಕ್ಕೆ ಒಳಗೆ ಮೋಡೆಮ್ ಕಾರ್ಡ್ ಇದೆ ಅಂತಲ್ಲ. ಮೊದಲು ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ನೋಡಿ. ಸಿಯೆರಾ ಕಂಪನಿಯ ಇಎಂ7455 ಮೋಡೆಮ್ ಕಾರ್ಡ್ ಆದರೆ 1199:9079 ಎಂಬ ಸಂಖ್ಯೆ ಕಾಣಬಹುದು.

ಮೋಡೆಮ್ ಕಾಣುತ್ತದೆ, ಸಿಮ್ಮೂ ಓದುತ್ತದೆ, ಆದರೆ ಆನ್ ಮಾಡಿದರೆ 'ಲೋ ಪವರ್'ನಲ್ಲೇ ನಿಲ್ಲುತ್ತದೆಯೇ? ಬಹುತೇಕ ಅದು ಎಫ್‌ಸಿಸಿ ಬೀಗ, ಅಂದರೆ ಅಮೆರಿಕದ ರೇಡಿಯೋ ನಿಯಮಕ್ಕಾಗಿ ಲ್ಯಾಪ್‌ಟಾಪ್ ತಯಾರಕರು ಮೋಡೆಮ್‌ಗೆ ಹಾಕುವ ಸಾಫ್ಟ್‌ವೇರ್ ಬೀಗ. ಲಿನಕ್ಸ್‌ನಲ್ಲಿ ಮೋಡೆಮ್ ನಡೆಸುವ ಸರ್ವಿಸ್ ಮೋಡೆಮ್‌ಮ್ಯಾನೇಜರ್, 1.18.4 ಆವೃತ್ತಿಯಿಂದ ಈಚೆಗೆ ಅದನ್ನು ತಾನಾಗಿ ತೆಗೆಯುವುದಿಲ್ಲ. ಯುಎಸ್‌ಆರ್ > ಶೇರ್ > ಮೋಡೆಮ್‌ಮ್ಯಾನೇಜರ್ ಒಳಗೆ 'ಎಫ್‌ಸಿಸಿ-ಅನ್‌ಲಾಕ್.ಅವೈಲಬಲ್.ಡಿ' ಫೋಲ್ಡರ್ ಇದೆ. ಅಲ್ಲಿ ನಿಮ್ಮ ಮೋಡೆಮ್ ಸಂಖ್ಯೆಯದೇ ಹೆಸರಿನ ಸ್ಕ್ರಿಪ್ಟ್ ಇದ್ದರೆ, ಇಟಿಸಿ > ಮೋಡೆಮ್‌ಮ್ಯಾನೇಜರ್‌ನ 'ಎಫ್‌ಸಿಸಿ-ಅನ್‌ಲಾಕ್.ಡಿ'ಗೆ ರೂಟ್ ಆಗಿ ಸಿಂಬಾಲಿಕ್ ಲಿಂಕ್ (ಫೈಲ್‌ಗೆ ಶಾರ್ಟ್‌ಕಟ್ ಇದ್ದಂತೆ) ಕೊಟ್ಟು ಸರ್ವಿಸ್ ರೀಸ್ಟಾರ್ಟ್ ಮಾಡಿ. ಈ ಸಿಯೆರಾ ಕಾರ್ಡ್‌ಗೆ ಕ್ಯೂಎಂಐಸಿಎಲ್‌ಐ ಎಂಬ ಕಮಾಂಡ್ ಕೂಡ ಬೇಕು. ಉಬುಂಟುವಿನಲ್ಲಿ ಅದು ಲಿಬ್‌ಕ್ಯೂಎಂಐ-ಯುಟಿಲ್ಸ್ ಪ್ಯಾಕೇಜಿನಲ್ಲಿದೆ.

ಎಪಿಎನ್ (ಕನೆಕ್ಷನ್ ಸೆಟ್ಟಿಂಗ್‌ನಲ್ಲಿ ಕೊಡುವ ಮೊಬೈಲ್ ಡೇಟಾ ಹೆಸರು): ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್, ಇಂಗ್ಲಿಷ್ ಸಣ್ಣಕ್ಷರದಲ್ಲಿ.

ಕನೆಕ್ಟ್ ಆದರೂ ತೀರಾ ನಿಧಾನವಾದರೆ ಬ್ಯಾಟರಿ ಕಳಚಿ, ಕಾರ್ಡಿನ ಎರಡೂ ಆಂಟೆನಾ ವೈರ್ ಕೂತಿವೆಯೇ ನೋಡಿ. ಆರ್‌ಎಸ್‌ಆರ್‌ಪಿ (4ಜಿ ಸಿಗ್ನಲ್ ಬಲದ ಅಳತೆ) -110 ಡಿಬಿಎಂಗಿಂತ ಕೆಳಗಿದ್ದರೆ ಸಿಗ್ನಲ್ಲೇ ದುರ್ಬಲ. ಗುಡ್ಡದ ಮರೆ ಬಿಟ್ಟು ಟವರ್ ಕಡೆಯ ಕಿಟಕಿಗೆ ಲ್ಯಾಪ್‌ಟಾಪ್ ಸರಿಸಿ.