ಬೀಳು ಬಿದ್ದ ಶೇಂಗಾ ಹೊಲದಲ್ಲಿ ಕಮರ ಉಳಿಸಿಕೊಂಡದ್ದು

ನಮ್ಮದು ಚಳ್ಳಕೆರೆ ಕಡೆಯ ಕೆಂಪು ನೆಲ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ. ಶೇಂಗಾ ಬೆಳೆದು ಬೆಳೆದು ಬೀಳು ಬಿಟ್ಟ ಹೊಲದಲ್ಲಿ ಕಮರ (ಒಣನಾಡಿನ ಕಾಡುಮರ) ಎಬ್ಬಿಸಬೇಕು ಅಂತ ಆಸೆ. ಆದರೆ ನರ್ಸರಿ ಸಸಿಗಳು ಬೇಸಿಗೆ ಬರುವಷ್ಟರಲ್ಲಿ ಒಣಗುತ್ತಿದ್ದವು. ಒಂದನ್ನು ಕಿತ್ತು ನೋಡಿದೆ. ತಾಯಿಬೇರು ಪ್ಲಾಸ್ಟಿಕ್ ಚೀಲದ ತಳದಲ್ಲಿ ಸುತ್ತಿಕೊಂಡ ಹಾಗೆಯೇ ಇತ್ತು, ಕೆಳಗೆ ಇಳಿದೇ ಇರಲಿಲ್ಲ. ಕಮರಕ್ಕೆ ಆ ಬೇರೇ ಜೀವ, ಅಲ್ವಾ?

ಹಾಗಾಗಿ ಬೀಜವನ್ನೇ ನೇರ ಬಿತ್ತಿದೆ. ಬೇಸಿಗೆಯಲ್ಲಿ ಉದುರಿದ ಹೊಸ ಬೀಜ ಆರಿಸಿಟ್ಟುಕೊಂಡು, ಇಳಿಜಾರಿಗೆ ಅಡ್ಡಲಾಗಿ ಅರ್ಧಚಂದ್ರದ ಗುಂಡಿ ತೆಗೆದು, ಗಟ್ಟಿ ತಳಮಣ್ಣನ್ನು ಹಾರೆಯಿಂದ ಸಡಿಲ ಮಾಡಿ, ಮಳೆ ಹಿಡಿದ ಮೇಲೆ ಗುಂಡಿಗೆ ಮೂರ್ನಾಲ್ಕು ಬೀಜ ಹಾಕಿದೆ. ಮೇಲೆ ತೆಳುವಾಗಿ ಒಣಹುಲ್ಲು. ಅದಿಲ್ಲದಿದ್ದರೆ ಜೋರು ಮಳೆ ಬಿದ್ದು ಆರಿದ ಕೂಡಲೇ ಮೇಲ್ಮಣ್ಣು ಹೆಪ್ಪುಗಟ್ಟಿ ಮೊಳಕೆ ಅಲ್ಲೇ ಸಾಯುತ್ತದೆ.

ಸುತ್ತ ತಂಗಡಿ ಪೊದೆಗಿಡದ ಬೀಜ ಎರಚಿದೆ. ಆಡು ಕುರಿ ಅದನ್ನು ಮೂಸಿ ಬಿಡುತ್ತವೆ, ಒಳಗಿನ ಎಳೆ ಕಮರಕ್ಕೆ ಮರೆ ಸಿಗುತ್ತದೆ. ಬೇಲಿಗೆ ಬಳ್ಳಾರಿ ಜಾಲಿ ಮುಳ್ಳು ಸಾಕು, ಆದರೆ ಕಾಯಿ ಇರುವ ಕೊಂಬೆ ಮಾತ್ರ ತರಬೇಡಿ, ಒಮ್ಮೆ ನೆಲ ಹಿಡಿದರೆ ಅದು ಬಿಡುವುದಿಲ್ಲ.

ಮೊದಲ ವರ್ಷ ಗಿಡ ಜಾಸ್ತಿ ಎತ್ತರ ಬರುವುದಿಲ್ಲ. ಗಾಬರಿ ಬೇಡ, ಬೇರು ಇಳಿಸುತ್ತಿರುತ್ತದೆ. ಗುಂಡಿಯೊಳಗಿನ ಕಳೆ ಕೀಳುತ್ತಿರಿ.