ಎ.ಸಿ.ಯೊಳಗಿನ ತಕತಕ ಸದ್ದಿನ ಬೆನ್ನು ಹತ್ತಿ

ಮಲೆನಾಡಲ್ಲಿ ಕಾರಿನ ಎ.ಸಿ. ಬೇಕಾಗುವುದು ಸೆಕೆಗಿಂತ ಮಳೆಗೇ ಜಾಸ್ತಿ. ಜುಲೈನಲ್ಲಿ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟರೆ ಮಂಡಗದ್ದೆ ಬರುವಷ್ಟರಲ್ಲಿ ಗಾಜಿನ ಒಳಗೆಲ್ಲ ಹಬೆ ಕಟ್ಟಿರುತ್ತದೆ. ಎ.ಸಿ. ಹಾಕದಿದ್ದರೆ ಎದುರಿನ ಬಸ್ಸೂ ಕಾಣಲ್ಲ. ಅಂಥ ಹೊತ್ತಲ್ಲೇ ನನ್ನ ಕಾರಿನ ಡ್ಯಾಶ್‌ಬೋರ್ಡ್ ಒಳಗಿಂದ ತಕತಕತಕ ಅಂತ ಶುರುವಾಯಿತು. ಚಿಕ್ಕವರಿದ್ದಾಗ ಸೈಕಲ್ ಚಕ್ರದ ಕಡ್ಡಿಗೆ ರಟ್ಟು ಸಿಕ್ಕಿಸಿ ಓಡಿಸುತ್ತಿದ್ದೆವಲ್ಲ, ಥೇಟ್ ಹಾಗೆ.

ಒಂದು ಗ್ಯಾರೇಜಿನವರು ಬಾನೆಟ್ ಎತ್ತಿ, ಎರಡು ನಿಮಿಷ ಕೇಳಿ, "ಕಂಪ್ರೆಸರ್ ಹೋಗಿದೆ" ಅಂದುಬಿಟ್ಟರು. ಎ.ಸಿ.ಯ ಗ್ಯಾಸನ್ನು ಒತ್ತುವ ಪಂಪು ಅದು. ಅವರು ಹೇಳಿದ ಖರ್ಚು ಕೇಳಿ, ಮುಂದಿನ ವಾರ ಬರ್ತೀನಿ ಅಂತ ಮನೆಗೆ ತಿರುಗಿಸಿದೆ.

ಅಂಗಳದಲ್ಲಿ ನಿಲ್ಲಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿ ಫ್ಯಾನ್ ಹಾಕಿದೆ. ಅದೇ ತಕತಕ! ಕಂಪ್ರೆಸರ್ ತಿರುಗುವುದು ಎಂಜಿನ್ನಿನ ಬೆಲ್ಟ್‌ನಿಂದ. ಎಂಜಿನ್ನೇ ನಿಂತಿರುವಾಗ ಅದೆಲ್ಲಿಂದ ಸದ್ದು ಮಾಡುತ್ತದೆ? ಫ್ಯಾನನ್ನು ಒಂದರಿಂದ ನಾಲ್ಕಕ್ಕೆ ಏರಿಸಿದ ಹಾಗೆ ತಕತಕ ಚುರುಕಾಗಿ, ಕೊನೆಗೆ ಬರೀ ಗುರ್ರ್ ಅಂತ ಆಯಿತು. ಫ್ಯಾನಿನ ಜೊತೆ ಏರಿಳಿಯುವ ಸದ್ದು ಬ್ಲೋವರಿನದೇ, ಅಂದರೆ ಗಾಳಿ ಊದುವ ಫ್ಯಾನು ಮತ್ತು ಅದರ ಮೋಟರಿನದು. ಆಕ್ಸಿಲರೇಟರ್ ತುಳಿದಾಗ ಏರಿ, ಎ.ಸಿ. ಬಟನ್ ಆಫ್ ಮಾಡಿದೊಡನೆ ನಿಂತಿದ್ದರೆ ನಾನೂ ಕಂಪ್ರೆಸರನ್ನೇ ಅನುಮಾನಿಸುತ್ತಿದ್ದೆ. ನನ್ನ ಭಾವನ ಕಾರಿನದು ಆಟೋಮ್ಯಾಟಿಕ್ ಎ.ಸಿ. ಅದರಲ್ಲಿ ಬಿಸಿ-ತಂಪು ಬದಲಿಸಿದಾಗ ಮಾತ್ರ ಟಿಕ್ ಟಿಕ್ ಅನ್ನುತ್ತಿತ್ತು. ಒಳಗೆ ಗಾಳಿಯ ದಾರಿ ಬದಲಿಸುವ ಪುಟ್ಟ ಬಾಗಿಲಿರುತ್ತದೆ, ಅದನ್ನು ತಿರುಗಿಸುವ ಮೋಟರಿನ ಪ್ಲಾಸ್ಟಿಕ್ ಹಲ್ಲು ಮುರಿದಿತ್ತು. ಇನ್ನು ಕಾರು ಆಫ್ ಮಾಡಿದ ಮೇಲೆ ಸ್ವಲ್ಪ ಹೊತ್ತು ಸುಯ್ ಅಂದರೆ ಸುಮ್ನೆ ಬಿಟ್ಟುಬಿಡಿ. ಪೈಪಿನೊಳಗೆ ಗ್ಯಾಸಿನ ಒತ್ತಡ ಎರಡೂ ಕಡೆ ಸಮ ಆಗುವ ಸದ್ದು ಅದು.

ಭಾನುವಾರ ಬೆಳಿಗ್ಗೆ ಕೂತೆ. ಗ್ಲೋವ್ ಬಾಕ್ಸಿನ ಎರಡೂ ಪಕ್ಕ ಒಳಕ್ಕೆ ಒತ್ತಿದರೆ ಅದು ಕೆಳಗೆ ಜೋತು ಬೀಳುತ್ತದೆ. ಹಿಂದೆ ಕ್ಯಾಬಿನ್ ಫಿಲ್ಟರ್, ಕಾರಿನೊಳಗೆ ಬರುವ ಗಾಳಿಯನ್ನು ಸೋಸುವಂಥದ್ದು. ಎಳೆದೆ. ಮೂಲೆಯಲ್ಲಿ ಬೆರಳು ತೂರುವಷ್ಟು ತೂತು, ಸುತ್ತ ಹಲ್ಲಿನ ಗುರುತು. ಇಲಿ! ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿಕೊಂಡೆ. ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ, ಇದರಲ್ಲಿ ಹುಡುಗಾಟ ಬೇಡ.

ಬ್ಲೋವರ್ ಇರುವುದು ಅದರ ಕೆಳಗೇ. ಒಂದು ವೈರಿನ ಸಾಕೆಟ್, ಮೂರು ಸ್ಕ್ರೂ. ಮೂರನೆಯದು ಕಾಣಲ್ಲ, ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿ ಅಂಗಾತ ಮಲಗಿ ಬೆರಳಲ್ಲೇ ಹುಡುಕಬೇಕು. ಕುತ್ತಿಗೆ ಹಿಡಿದುಕೊಂಡಿತು. ಅದು ಬಿಚ್ಚಿದ್ದೇ ತಡ, ಮೋಟರು ಫ್ಯಾನಿನ ಸಮೇತ ಎದೆ ಮೇಲೆ ಇಳಿಯಿತು, ಹಿಂದೆಯೇ ಒಂದು ಬೊಗಸೆ ಕಸ. ಒಣ ಎಲೆ, ಸೀಟಿನ ಸ್ಪಂಜು, ಎಲ್ಲಕ್ಕಿಂತ ಜಾಸ್ತಿ ಅಡಿಕೆ ಸಿಪ್ಪೆಯ ನಾರು. ಕೊಯ್ಲು ಮುಗಿದು ಎಷ್ಟೋ ತಿಂಗಳಾದರೂ ಸಿಪ್ಪೆ ರಾಶಿಯನ್ನು ಕಾರು ನಿಲ್ಲಿಸುವ ಮಾಡಿನ ಪಕ್ಕದಲ್ಲೇ ಬಿಟ್ಟಿದ್ದೆ. ಇಲಿಗೆ ನಾನೇ ಸಾಮಾನು ಒದಗಿಸಿದ ಹಾಗಾಯಿತು. ಗಟ್ಟಿ ಸಿಪ್ಪೆಯ ಒಂದು ತುಂಡು ಫ್ಯಾನಿನ ಅಂಚಿಗೆ ಸಿಕ್ಕಿಕೊಂಡು, ಸುತ್ತಿದಾಗಲೆಲ್ಲ ಗೋಡೆಗೆ ಬಡಿಯುತ್ತಿತ್ತು. ತಕತಕ ಅಂದರೆ ಇಷ್ಟೇ.

ಫಿನಾಯಿಲ್ ನೀರು ಚಿಮುಕಿಸಿ, ನೆನೆದ ಮೇಲೆ ಬಟ್ಟೆಯಲ್ಲಿ ಒರೆಸಿದೆ. ಒಣಗಿದ್ದಾಗಲೇ ಗುಡಿಸಿದರೆ ಧೂಳೆಲ್ಲ ಮೂಗಿಗೆ ಬರುತ್ತದೆ. ಫ್ಯಾನಿನ ಒಂದು ಎಲೆಗೆ ಸಣ್ಣ ತಗಡಿನ ಕ್ಲಿಪ್ ಅಂಟಿಕೊಂಡಿತ್ತು. ಇದೂ ಎಲ್ಲಿಂದಲೋ ಬಂದ ಕಸ ಅಂತ ಕಿತ್ತು ಪಕ್ಕಕ್ಕಿಟ್ಟೆ. ಎಲ್ಲ ಜೋಡಿಸಿ ಫ್ಯಾನ್ ಹಾಕಿದರೆ ತಕತಕ ಹೋಗಿತ್ತು, ಆದರೆ ಡ್ಯಾಶ್‌ಬೋರ್ಡೇ ನಡುಗುತ್ತಿತ್ತು! ಆಮೇಲೆ ಹೊಳೆಯಿತು, ಫ್ಯಾನಿನ ತೂಕ ಸರಿದೂಗಿಸಲು ಕಂಪನಿಯವರೇ ಹಾಕಿದ ಕ್ಲಿಪ್ ಅದು. ಪುಣ್ಯಕ್ಕೆ ಎಸೆದಿರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಮಾಸಲು ಗುರುತಿತ್ತು, ಅಲ್ಲೇ ಸಿಕ್ಕಿಸಿದೆ. ಮತ್ತೆ ಮೂರು ಸ್ಕ್ರೂ, ಮತ್ತೆ ಕುತ್ತಿಗೆ.

ಎರಡು ದಿನ ಬಿಟ್ಟು ತಿರುವಿನಲ್ಲಿ ಗುಳುಗುಳು ಅಂತ ಕೇಳಿತು. ಪಕ್ಕದ ಸೀಟಿನ ಕಾಲುಮ್ಯಾಟ್ ಒದ್ದೆ. ತೂತಾದ ಫಿಲ್ಟರಿನಿಂದ ನುಸುಳಿದ ನಾರು, ಎ.ಸಿ. ಓಡುವಾಗ ಒಳಗೆ ಸೇರುವ ನೀರು ಹೊರ ಹೋಗುವ ಪೈಪಿಗೆ ಸಿಕ್ಕಿತ್ತು. ತುದಿ ಹುಡುಕಿ ಸೈಕಲ್ ಪಂಪಿನಲ್ಲಿ ಗಾಳಿ ಊದಿದೆ, ಒಂದು ಚೊಂಬಿನಷ್ಟು ಕಂದು ನೀರು ತೋಳ ಮೇಲೇ ಸುರಿಯಿತು. ಗ್ಯಾಸಿನ ಪೈಪುಗಳನ್ನು ಮಾತ್ರ ಮುಟ್ಟಲಿಲ್ಲ. ಒತ್ತಡದ ಗ್ಯಾಸು ಕೈಗೆ ಹಾರಿದರೆ ಚರ್ಮ ಹೆಪ್ಪುಗಟ್ಟಿ ಸುಟ್ಟ ಹಾಗಾಗುತ್ತದೆ, ಅದು ಯಂತ್ರ ಇರುವವರ ಕೆಲಸ.

ಹೊಸ ಫಿಲ್ಟರ್ ಹಾಕಿದೆ. ವೈಪರಿನ ಕೆಳಗೆ ಗಾಳಿ ಒಳಬರುವ ಕಂಡಿಗೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿದೆ, ಮಳೆನೀರು ಇಳಿಯುವ ತೂತು ಮುಚ್ಚದ ಹಾಗೆ. ರಾತ್ರಿ ಕಾರು ಆಫ್ ಮಾಡುವ ಮುಂಚೆ ಹೊರಗಿನ ಗಾಳಿಯ ಬಾಗಿಲು ಮುಚ್ಚುವ ರೂಢಿಯೂ ಆಗಿದೆ. ಸಿಪ್ಪೆ ರಾಶಿ ಈಗ ತೋಟದಲ್ಲಿದೆ.